ಜೂನ್‌ನಲ್ಲಿ ಶುರುವಾಗದಿದ್ದರೆ ಮಾರ್ಚ್‌ಗೆ ಸಿಗುವುದಿಲ್ಲ: ವಿಕಲಚೇತನ ವಿದ್ಯಾರ್ಥಿಯ ಒಂದು ಶಾಲಾ ವರ್ಷ

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಹದಿನೈದು ದಿನ ಎನ್ನುವಾಗ ಹಲವು ಪ್ರೌಢಶಾಲೆಗಳಲ್ಲಿ ಒಂದೇ ಬಗೆಯ ಓಡಾಟ ಕಾಣುತ್ತದೆ. ಕಣ್ಣು ಕಾಣದ ಹುಡುಗನಿಗೆ ಉತ್ತರ ಬರೆದುಕೊಡುವವರು ಯಾರು? ಹೆಚ್ಚುವರಿ ಸಮಯಕ್ಕೆ ಯಾವ ನಮೂನೆ ತುಂಬಬೇಕು? ವೈದ್ಯರ ಪ್ರಮಾಣಪತ್ರದ ಅವಧಿ ಮುಗಿದಿದೆಯಲ್ಲ, ಈಗೇನು ಮಾಡುವುದು? ಗಾಲಿಕುರ್ಚಿಯ ಹುಡುಗಿಗೆ ಎರಡನೇ ಮಹಡಿಯ ಕೊಠಡಿ ಬಿದ್ದದ್ದು ಹೇಗೆ? ಕೇಳುತ್ತಿರುವ ಸವಲತ್ತುಗಳೆಲ್ಲ ನಿಯಮದಲ್ಲೇ ಇವೆ. ಆದರೆ ಅವುಗಳ ಹಿಂದಿನ ಕೆಲಸಕ್ಕೆ ಹಿಡಿಯುವುದು ತಿಂಗಳುಗಟ್ಟಲೆ. ಕರ್ನಾಟಕದ ಶಾಲಾ ವರ್ಷವನ್ನು ಜೂನ್‌ನಿಂದ ಏಪ್ರಿಲ್‌ವರೆಗೆ ಹಿಡಿದು, ಯಾವ ಕೆಲಸ ಯಾವಾಗ ಶುರುವಾಗಬೇಕು, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಇಲ್ಲಿ ಬಿಡಿಸಿ ನೋಡೋಣ.

ಮೊದಲು ಕಾನೂನಿನ ಬುಡ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆ ಗುರುತಿಸಿದ್ದು 7 ಬಗೆಯ ವಿಕಲತೆ, ಈಗಿನದು 21. ಶಾಲೆಗಳಿಗೆ ಮುಖ್ಯವಾದವು 16, 17, 31 ಮತ್ತು 32ನೇ ಸೆಕ್ಷನ್‌ಗಳು. 16ನೇ ಸೆಕ್ಷನ್ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳಿಗೂ, ಬರೀ ಮಾನ್ಯತೆ ಪಡೆದ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಹಾಗಾಗಿ "ನಮ್ಮದು ಖಾಸಗಿ ಶಾಲೆ, ನಮಗೆ ಇದೆಲ್ಲ ಬರುವುದಿಲ್ಲ" ಎಂಬ ಮಾತು ನಿಲ್ಲುವುದಿಲ್ಲ. 17ನೆಯದರಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ (ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವವರ) ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ, 18 ವರ್ಷದವರೆಗೆ ಪುಸ್ತಕ ಮತ್ತು ಸಾಧನಗಳನ್ನು ಉಚಿತವಾಗಿ ಕೊಡುವ ಮಾತಿದೆ. 31ನೆಯದು 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣ. 32ನೆಯದು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ಜೊತೆಗೆ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ.

ಇವುಗಳಲ್ಲಿ ಕೆಲವಕ್ಕೆ ಶೇ 40 ಅಥವಾ ಅದಕ್ಕೂ ಹೆಚ್ಚಿನ ವಿಕಲತೆ ಇರಬೇಕು. ಉಚಿತ ಪುಸ್ತಕ, ಉಚಿತ ಶಿಕ್ಷಣ, ಸೀಟು ಮೀಸಲಾತಿ ಎಲ್ಲ ಈ ಗುಂಪಿನವು. ಆದರೆ ಲಿಪಿಕಾರರ ನೆರವನ್ನು ಶೇ 40ಕ್ಕೆ ಕಟ್ಟಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯ ಪ್ರಕರಣ. ಅದರ ಫಲವಾಗಿ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ವಿಕಲತೆಯಿದ್ದು ಬರೆಯಲು ಕಷ್ಟಪಡುವವರಿಗೂ ಕೇಂದ್ರ ಸರ್ಕಾರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಶೇ 35 ಎಂದಿರುವ ಪ್ರಮಾಣಪತ್ರ ನೋಡಿದ ಕೂಡಲೇ "ಬರುವುದಿಲ್ಲ" ಎಂದು ವಾಪಸ್ ಕೊಡುವ ಗುಮಾಸ್ತರಿಗೆ ಈ ಎರಡನ್ನೂ ತೋರಿಸಬಹುದು.

ಜೂನ್: ಕಾಗದದ ಕೆಲಸ

ಇಡೀ ವರ್ಷ ನಿಂತಿರುವುದು ಒಂದು ಕಾರ್ಡಿನ ಮೇಲೆ: ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಆಧಾರ್, ಫೋಟೊ, ವಿಳಾಸದ ದಾಖಲೆ ಕೊಟ್ಟು ಅರ್ಜಿ ಹಾಕಬೇಕು. ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಕಾರ್ಡಿನ ಬಣ್ಣವೇ ಪ್ರಮಾಣ ಹೇಳುತ್ತದೆ: ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 79ಕ್ಕೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ. ಅರ್ಜಿ ಹಾಕಲು ಗೊತ್ತಾಗದವರಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಊರಿನವರ ಬಾಯಲ್ಲಿ ಅವರು ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು.

ಎಡವುವುದು ಹೆಚ್ಚಾಗಿ ಮೂರು ಕಡೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು. ಇನಿಷಿಯಲ್ ಹಿಂದೆಮುಂದೆ ಆದರೂ ಸಾಕು, ಮುಂದಿನ ಎಲ್ಲ ತಂತ್ರಾಂಶಗಳಲ್ಲಿ ತಾಳೆಯಾಗುವುದಿಲ್ಲ. ಎರಡನೆಯದು ತಾತ್ಕಾಲಿಕ ಪ್ರಮಾಣಪತ್ರ. ಮಗು ಚಿಕ್ಕದಿದ್ದಾಗ ಪಡೆದದ್ದು ಎಂಟು–ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಪರೀಕ್ಷಾ ನಮೂನೆ ತುಂಬುವವರೆಗೆ ಯಾರೂ ದಿನಾಂಕ ನೋಡಿರುವುದಿಲ್ಲ. ಮೂರನೆಯದು ಸೂಕ್ಷ್ಮವಾದದ್ದು, ವಿಕಲತೆಯ ಬಗೆ. ಪರೀಕ್ಷೆಗಳ ಬಗ್ಗೆ ಕೇಂದ್ರ ಹೊರಡಿಸಿದ 2018ರ ಮಾರ್ಗಸೂಚಿಯಂತೆ ಅಂಧರು, ಎರಡೂ ಕೈಗಳಿಗೆ ತೊಂದರೆ ಇರುವವರು ಮತ್ತು ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ) ಇರುವವರು ಬಯಸಿದರೆ ಸಾಕು, ಲಿಪಿಕಾರರನ್ನು ಕೊಡಬೇಕು. ಉಳಿದ ವಿಕಲತೆಯವರು ಬರೆಯಲು ಆಗದು ಎಂಬುದಕ್ಕೆ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರಿಂದ ಬೇರೆಯದೇ ಪ್ರಮಾಣಪತ್ರ ತರಬೇಕು. ಸೆರೆಬ್ರಲ್ ಪಾಲ್ಸಿಯ ಮಗುವಿನ ಕಾರ್ಡಿನಲ್ಲಿ ಬರೀ "ಚಲನವಲನದ ವೈಕಲ್ಯ" ಎಂದು ಬರೆದುಬಿಟ್ಟರೆ ತಾನಾಗಿ ಸಿಗಬೇಕಿದ್ದದ್ದಕ್ಕೆ ಇನ್ನೊಂದು ಸುತ್ತು ಆಸ್ಪತ್ರೆ ಅಲೆದಾಟ. ಕಾರ್ಡ್ ಕೈಗೆ ಬಂದ ದಿನವೇ ಈ ಸಾಲನ್ನು ಓದಿ ನೋಡುವುದು ಒಳ್ಳೆಯದು.

ಕಲಿಕಾ ನ್ಯೂನತೆಯ ಮಕ್ಕಳ ದಾರಿ ಇನ್ನೂ ಉದ್ದ. ಡಿಸ್ಲೆಕ್ಸಿಯಾಕ್ಕೆ, ಅಂದರೆ ಓದು–ಬರಹದ ಕಲಿಕಾ ತೊಂದರೆಗೆ, ಎಕ್ಸ್‌ರೇ ಇಲ್ಲ, ರಕ್ತಪರೀಕ್ಷೆ ಇಲ್ಲ. ಬುದ್ಧಿಮಟ್ಟ, ಓದು, ಬರಹ, ಲೆಕ್ಕ ಎಲ್ಲವನ್ನೂ ಕೂತು ಅಳೆಯಬೇಕು. ಒಂದೇ ಭೇಟಿಯಲ್ಲಿ ಮುಗಿಯುವುದು ಅಪರೂಪ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದು ನಡೆಯುತ್ತದೆ, ಸರದಿಗೆ ಕಾಯಬೇಕು. ವಿಕಲತೆ ಅಳೆಯಲು 2018ರಲ್ಲೇ ಬಂದ ಬೇರೊಂದು ಮಾರ್ಗಸೂಚಿಯ ಪ್ರಕಾರ ಈ ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ. ಮತ್ತೆ 14ಕ್ಕೆ ಮತ್ತು 18ಕ್ಕೆ ಮರುತಪಾಸಣೆ. ಹತ್ತನೇ ತರಗತಿಯ ವರ್ಷಕ್ಕೆ 14 ದಾಟಿಯೇ ಇರುವುದರಿಂದ ಐದನೇ ತರಗತಿಯ ಹಳೆಯ ಕಾಗದ ನಂಬಿ ಕೂರುವಂತಿಲ್ಲ.

ಕನ್ನಡದಲ್ಲಿ ಇದನ್ನು ಗುರುತಿಸುವುದೇ ತಡವಾಗುತ್ತದೆ, ಅದಕ್ಕೆ ಕಾರಣವೂ ಇದೆ. ಇಂಗ್ಲಿಷಿನಲ್ಲಿ ಅಕ್ಷರ ಒಂದು, ಉಚ್ಚಾರ ಇನ್ನೊಂದು ಆದ್ದರಿಂದ ಮಗು ಬೇಗ ಸಿಕ್ಕಿಬೀಳುತ್ತದೆ. ಕನ್ನಡದಲ್ಲಿ ಬರೆದಂತೆ ಓದು. ಅ ಆ ಇ ಈ, ಸರಳ ಪದಗಳು ಹೇಗೋ ದಾಟುತ್ತವೆ. ಕಾಗುಣಿತ ಗಟ್ಟಿಯಾಗಬೇಕಾದಾಗ, ಒತ್ತಕ್ಷರಗಳು ಗುಂಪುಗುಂಪಾಗಿ ಬಂದಾಗ ಮಗು ನಿಂತುಬಿಡುತ್ತದೆ. ಎಲ್ಲ ಮಕ್ಕಳಿಗೂ ಇದು ಪೂರ್ತಿ ಕೈಹತ್ತಲು ನಾಲ್ಕೈದನೇ ತರಗತಿ ಬೇಕಾಗುವುದರಿಂದ "ದೊಡ್ಡವನಾದರೆ ಸರಿಹೋಗುತ್ತಾನೆ" ಎಂದು ಬಿಡುವುದು ಸುಲಭ. ಅವನು ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುತ್ತಾನೆ, ಓದುವಾಗ ಮಾತ್ರ ಎರಡನೇ ಅಕ್ಷರದಿಂದ ಊಹಿಸುತ್ತಾನೆ, ನಕಲು ಬರೆಯುವಾಗಲೂ ದೀರ್ಘ–ಒತ್ತು ಬಿಡುತ್ತಾನೆ ಎಂದರೆ ಅದು ಸೋಮಾರಿತನ ಅಂದುಕೊಳ್ಳುವ ಮೊದಲು ತಪಾಸಣೆಗೆ ಕಳಿಸಬೇಕು.

ಶಾಲೆಯ ಕಡೆಯಿಂದ ಜೂನ್‌ನಲ್ಲಿ ಆಗಬೇಕಾದದ್ದು ವಿದ್ಯಾರ್ಥಿಗಳ ಮತ್ತು ಶಾಲೆಗಳ ಮಾಹಿತಿ ಇಡುವ ಸ್ಯಾಟ್ಸ್ ಮತ್ತು ಯುಡೈಸ್ ತಂತ್ರಾಂಶದಲ್ಲಿ ಮಗುವಿನ ವಿಕಲತೆಯ ನಮೂದು. ಈ ಕಾಲಂ ಖಾಲಿ ಬಿಟ್ಟರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಲೆಕ್ಕದಲ್ಲಿ ಆ ಮಗುವೇ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ ₹3,500ರವರೆಗೆ, ಹೆಣ್ಣುಮಕ್ಕಳಿಗೆ ಹೆಚ್ಚಾಗಿ ತಿಂಗಳಿಗೆ ₹200ರಂತೆ 10 ತಿಂಗಳ ಶಿಷ್ಯವೇತನ ಇದೆ. ಹಣದ ಲೆಕ್ಕ ತಲೆಯೆಣಿಕೆಯ ಮೇಲೇ ಬರುತ್ತದೆ. ತಾಲ್ಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಸಂಪನ್ಮೂಲ) ಶಿಕ್ಷಕರು ಶಾಲೆಗೆ ಬರುವುದು, ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವುದು ಇದೇ ಪಟ್ಟಿ ಹಿಡಿದು.

ಸಾಧನಗಳ ಶಿಬಿರದ ಬಗ್ಗೆ ಒಂದು ಮಾತು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ನಡೆಯುವ ತಪಾಸಣಾ ಶಿಬಿರದಲ್ಲಿ ಅಳತೆ ತೆಗೆದುಕೊಳ್ಳುತ್ತಾರೆ. ಗಾಲಿಕುರ್ಚಿ, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಧಾರ), ಶ್ರವಣ ಸಾಧನ ಬರುವುದು ತಿಂಗಳುಗಳ ನಂತರದ ಇನ್ನೊಂದು ಶಿಬಿರದಲ್ಲಿ. ಅಷ್ಟರಲ್ಲಿ ಬೆಳೆಯುವ ಮಗು ಬೆಳೆದೇ ಇರುತ್ತದೆ. ಮೊಣಕಾಲಿನ ಕೀಲು ಒಂದಿಂಚು ಕೆಳಗೆ ಬಂದ ಕ್ಯಾಲಿಪರ್ ಹಾಕಿಕೊಂಡು ನಡೆದರೆ ಚರ್ಮ ಉಜ್ಜಿ ಗಾಯವಾಗುತ್ತದೆ. ಎರಡನೇ ವಾರಕ್ಕೆ ಅದು ಅಟ್ಟ ಸೇರುತ್ತದೆ. ಕೈಗೆ ಕೊಡುವ ದಿನವೇ ತೊಡಿಸಿ, ಹತ್ತು ಹೆಜ್ಜೆ ನಡೆಸಿ, ಸರಿಯಿಲ್ಲದಿದ್ದರೆ ಅಲ್ಲೇ ಬರೆಸಿ ವಾಪಸ್ ಕೊಡಬೇಕು. ಸಹಿ ಹಾಕಿ ಮನೆಗೆ ತಂದ ಮೇಲೆ ಬದಲಾಯಿಸುವುದು ಕಷ್ಟ.

ತರಗತಿಯೊಳಗೆ

ರ‍್ಯಾಂಪಿನ ಲೆಕ್ಕ ಸರಳ: 1:12. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ. ಶಾಲೆಯ ಜಗುಲಿಗೆ 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂ.ಮೀ., ರ‍್ಯಾಂಪು 5.4 ಮೀಟರ್. ಅಷ್ಟು ಜಾಗ ಬಿಡಲು ಮನಸ್ಸಿಲ್ಲದೆ ಮೇಸ್ತ್ರಿ ಎರಡೂವರೆ ಮೀಟರ್‌ಗೆ ಮುಗಿಸುತ್ತಾನೆ. ಅದರ ಮೇಲೆ ಗಾಲಿಕುರ್ಚಿ ಹತ್ತಿಸಲು ಇಬ್ಬರು ಬೇಕು, ಇಳಿಯುವಾಗ ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಕೊನೆಗೆ ಅಲ್ಲಿ ಮೇಷ್ಟ್ರುಗಳ ಬೈಕು ಹತ್ತುತ್ತವೆ. ಅಗಲ ಕನಿಷ್ಠ 1.2 ಮೀಟರ್, ಎರಡೂ ಕಡೆ ಹಿಡಿಕೆ, ಮೇಲೆ ಬಾಗಿಲ ಮುಂದೆ ಕುರ್ಚಿ ತಿರುಗಿಸಲು 1.5 ಮೀಟರ್ ಸಮತಟ್ಟು ಜಾಗ, ಬಾಗಿಲು 90 ಸೆಂ.ಮೀ. ಶೌಚಾಲಯದೊಳಗೂ ಅದೇ 1.5 ಮೀಟರ್ ಸುತ್ತು. ಕಟ್ಟಿದ ಶೌಚಾಲಯಕ್ಕೆ ಬೀಗ ಹಾಕಿ ಬೀಗದ ಕೈ ಸ್ಟಾಫ್ ರೂಮಿನಲ್ಲಿ ಇಡುವುದು ಎಷ್ಟು ಸಾಮಾನ್ಯ ಎಂದರೆ, ಶಾಲೆಗೆ ಭೇಟಿ ಕೊಡುವವರು ಮೊದಲು ಆ ಬಾಗಿಲನ್ನೇ ತಳ್ಳಿ ನೋಡಬೇಕು. ಹಾಗೇ, ಯಾವ ಸಿಮೆಂಟೂ ಬೇಡದ ಒಂದು ಪರಿಹಾರವಿದೆ: ಆ ತರಗತಿಯನ್ನೇ ನೆಲಮಹಡಿಗೆ ತರುವುದು.

ಕಿವಿ ಕೇಳದ ಮಗುವಿಗೆ ಶ್ರವಣ ಸಾಧನ ಹಾಕಿದರೆ ಎಲ್ಲರಂತೆ ಕೇಳುತ್ತದೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಸಾಧನ ಎಲ್ಲ ಸದ್ದನ್ನೂ ಹೆಚ್ಚಿಸುತ್ತದೆ, ಫ್ಯಾನಿನದ್ದನ್ನೂ ಬೆಂಚೆಳೆಯುವುದನ್ನೂ ಸೇರಿಸಿ. ಮಾತು ಸ್ಪಷ್ಟವಾಗಿ ಸಿಗುವುದು ಮಾತಾಡುವವರು ಒಂದೆರಡು ಮೀಟರ್ ಒಳಗಿದ್ದರೆ. ಅದಕ್ಕೇ ಮುಂದಿನ ಬೆಂಚು, ಗೋಡೆಯ ಬದಿಯ ಕೊನೆ, ಕಿಟಕಿಯ ಬೆಳಕು ಮೇಷ್ಟ್ರ ಮುಖದ ಮೇಲೆ ಬೀಳುವಂತೆ. ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಆ ವಾಕ್ಯ ಮಗುವಿನ ಪಾಲಿಗೆ ಇಲ್ಲ. ತುಟಿ ನೋಡಿ ಎಲ್ಲವೂ ತಿಳಿಯುತ್ತದೆ ಎಂದೂ ತಿಳಿಯಬಾರದು: ಪ, ಫ, ಬ, ಭ, ಮ ಐದಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ "ಪಾರು, ಬಾರು, ಮಾರು" ಎಂದು ಹೇಳಿ ನೋಡಿ. ಹೊಸ ಪದವನ್ನು ಹೇಳುವ ಮುಂಚೆ ಬೋರ್ಡಿನ ಮೇಲೆ ಬರೆಯುವುದೇ ದಾರಿ. ಸನ್ನೆ ಭಾಷೆ ಬಲ್ಲ ಮಗುವಿಗೆ, ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಹೊರತಂದಿರುವ 10,000 ಪದಗಳ ವಿಡಿಯೊ ನಿಘಂಟು ನೆರವಾಗುತ್ತದೆ.

ಶ್ರವಣ ಸಾಧನ ನಿಂತುಹೋದರೆ ಹೆಚ್ಚಿನ ಸಲ ಕಾರಣ ಬ್ಯಾಟರಿ ಅಥವಾ ಕಿವಿಯೊಳಗೆ ಕೂರುವ ಅಚ್ಚು. ಜಿಂಕ್–ಏರ್ ಬ್ಯಾಟರಿ ಗಾಳಿಯಿಂದ ಕೆಲಸ ಮಾಡುತ್ತದೆ; ಹಿಂದಿನ ಅಂಟು ಪಟ್ಟಿ ಕಿತ್ತ ಮೇಲೆ ಒಂದು ನಿಮಿಷ ಬಿಟ್ಟು ಹಾಕಬೇಕು, ಒಮ್ಮೆ ಕಿತ್ತರೆ ಬಳಸದಿದ್ದರೂ ಖಾಲಿಯಾಗುತ್ತಾ ಹೋಗುತ್ತದೆ. ಶಾಲೆಯ ಡ್ರಾಯರಿನಲ್ಲಿ ಬ್ಯಾಟರಿಗಳ ಒಂದು ಪ್ಯಾಕ್ ಇದ್ದರೆ ಹದಿನೈದು ದಿನದ ಮೌನ ತಪ್ಪುತ್ತದೆ. ಕುಯ್ಯ್ ಎಂದು ಸಿಳ್ಳೆ ಹೊಡೆಯುತ್ತಿದ್ದರೆ ಅಚ್ಚು ಸಡಿಲವಾಗಿದೆ, ಮಗುವಿನ ಕಿವಿ ದೊಡ್ಡದಾಗಿದೆ. ಹೊಸ ಅಚ್ಚು ಬೇಕು.

ಪುಸ್ತಕ: ನಿಜವಾದ ತೊಡಕು ಇಲ್ಲಿದೆ

ಎಲ್ಲಕ್ಕಿಂತ ಹೆಚ್ಚು ಕಾಲ ನುಂಗುವುದು ಕನ್ನಡ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರುವ ಕೆಲಸ. ಬ್ರೈಲ್ ಮುದ್ರಿಸುವುದೇ ನಿಧಾನ ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಒಂದು ಬ್ರೈಲ್ ಪುಟದಲ್ಲಿ ಸಾಮಾನ್ಯವಾಗಿ 25 ಸಾಲು, ಸಾಲಿಗೆ 40 ಚೌಕ, ಅಂದರೆ ಹೆಚ್ಚೆಂದರೆ 1,000 ಅಕ್ಷರ. ಸೆಕೆಂಡಿಗೆ 100 ಅಕ್ಷರ ಒತ್ತುವ ಯಂತ್ರ ಹತ್ತು ಸೆಕೆಂಡಿನಲ್ಲಿ ಪುಟ ಮುಗಿಸುತ್ತದೆ. ಮುದ್ರಿತ ಒಂದು ಪುಟ ಬ್ರೈಲಿನಲ್ಲಿ ಎರಡೂವರೆ–ಮೂರು ಪುಟವಾಗುತ್ತದೆ. 150 ಪುಟದ ಸಮಾಜ ವಿಜ್ಞಾನ ಸುಮಾರು 400 ಪುಟ, ನಾಲ್ಕೈದು ದಪ್ಪ ಸಂಪುಟ. ಅದನ್ನೂ ಅರ್ಧ ದಿನದಲ್ಲಿ ಒತ್ತಿ ಮುಗಿಸಬಹುದು. ಯಂತ್ರಕ್ಕೆ ಕೊಡುವ ಶುದ್ಧ ಕಡತ ಸಿಕ್ಕರೆ.

ಅದು ಸಿಗದಿರುವುದಕ್ಕೆ ಮೂಲ ನಮ್ಮ ಹಳೆಯ ಫಾಂಟುಗಳು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಅಕ್ಷರ ಜೋಡಿಸಿದಾಗ ಪರದೆಯ ಮೇಲೆ ಕನ್ನಡ ಕಂಡರೂ ಕಡತದೊಳಗೆ ಇರುವುದು ಲ್ಯಾಟಿನ್ ಲಿಪಿಯ ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೆ. ಕಣ್ಣಿಗೆ ವೇಷ ಕಾಣುತ್ತದೆ. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಕಡತದ ಒಳಗನ್ನು ಓದುವುದರಿಂದ "ಸೂರ್ಯ" ಎಂಬಲ್ಲಿ ಅರ್ಥವಿಲ್ಲದ ಉದ್ಗಾರಗಳ ಸರಮಾಲೆ ಕೇಳುತ್ತದೆ. ಪಿಡಿಎಫ್‌ನಿಂದ ಒಂದು ಸಾಲು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಕನ್ನಡ ಬಂದರೆ ಯೂನಿಕೋಡ್, ಅಂದರೆ ಕಡತದೊಳಗೂ ಕನ್ನಡದ್ದೇ ಅಕ್ಷರಸಂಕೇತ. ವಿಚಿತ್ರ ಚಿಹ್ನೆ ಬಂದರೆ ಹಳೆಯ ಫಾಂಟು. ಏನೂ ಆಯ್ಕೆಯೇ ಆಗದಿದ್ದರೆ ಅದು ಪುಟದ ಫೋಟೊ. ಜೂನ್ ಮೊದಲ ವಾರದಲ್ಲಿ ಎಲ್ಲ ವಿಷಯದ ಪುಸ್ತಕಗಳಿಗೂ ಈ ಪರೀಕ್ಷೆ ಮಾಡಿಬಿಟ್ಟರೆ ಮುಂದಿನ ಕೆಲಸದ ಅಳತೆ ಸಿಗುತ್ತದೆ.

ಹಳೆಯ ಫಾಂಟಿನದ್ದನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತರಬಹುದು, ಆದರೆ ಹಾಗೇ ಮುಂದೆ ಕಳಿಸಬಾರದು. ಅರ್ಕಾವತ್ತಿನಲ್ಲಿ ಮೊದಲ ಪೆಟ್ಟು. "ಸೂರ್ಯ" ಪದದಲ್ಲಿ, ಹಳೆಯ ಫಾಂಟಿನಲ್ಲಿ ಅದು ಕಂಡ ಕ್ರಮದಲ್ಲಿ, ಯಕಾರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮದಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಈ ಅದಲುಬದಲನ್ನು ತಪ್ಪಿದರೆ ಪದ ಕೆಡುತ್ತದೆ. ಪಿಡಿಎಫ್‌ನಿಂದ ಎಳೆದ ಪಠ್ಯದಲ್ಲಿ ಎರಡು ಕಾಲಂ ಒಂದಕ್ಕೊಂದು ಹೆಣೆದುಕೊಂಡು ಬರುತ್ತವೆ, ಸಾಲಿನ ಕೊನೆಯಲ್ಲಿ ಪದ ತುಂಡಾಗಿರುತ್ತದೆ.

ಫೋಟೊ ಪುಟಗಳಿಗೆ ಒಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ. ಕನ್ನಡಕ್ಕೆ ಟೆಸೆರಾಕ್ಟ್ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಲಿಪಿ ಜ್ಞಾನಿ ಇದೆ. 300 ಡಿಪಿಐಗಿಂತ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಕಡಿಮೆ ಸ್ಕ್ಯಾನ್ ಮಾಡಬೇಡಿ. ಒತ್ತಕ್ಷರಗಳು ಮುದ್ರಣದಲ್ಲೇ ಚಿಕ್ಕವು, ಮೊದಲು ನಾಶವಾಗುವುದು ಅವೇ. ಘ–ಫ, ವ–ಪ, ರ–ಠ ಅದಲುಬದಲಾಗುವುದನ್ನು ಕಣ್ಣಿಟ್ಟು ನೋಡಬೇಕು.

ಕೈಯಲ್ಲಿ ಟೈಪ್ ಮಾಡಿದ ಪಠ್ಯದಲ್ಲಿ ಇನ್ನೊಂದು ಕಳ್ಳ ತಪ್ಪಿದೆ: ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ. ಕಣ್ಣಿಗೆ ಎರಡೂ ಒಂದೇ ದುಂಡು. ತಂತ್ರಾಂಶ ಮಾತ್ರ ಮೋಸಹೋಗುವುದಿಲ್ಲ. "ಅಂಕ" ಎಂಬಲ್ಲಿ ನಡುವೆ "ಸೊನ್ನೆ" ಎಂದು ಓದುತ್ತದೆ, ಬ್ರೈಲಿನಲ್ಲಿ ಪದದ ನಡುವೆ ಸಂಖ್ಯಾಚಿಹ್ನೆ ಬಂದು ಕೂರುತ್ತದೆ. ಅಕ್ಷರದ ಪಕ್ಕದಲ್ಲಿರುವ ಸೊನ್ನೆಗಳನ್ನೆಲ್ಲ ಹುಡುಕಿ ಬದಲಿಸುವುದು ಮೊದಲ ಶುಚಿಕಾರ್ಯವಾಗಬೇಕು.

ಒಬ್ಬರು ದಿನಕ್ಕೆ 10 ಪುಟ ತಿದ್ದುತ್ತಾರೆ ಎಂದಿಟ್ಟುಕೊಳ್ಳಿ. 150 ಪುಟಕ್ಕೆ 15 ದಿನ, ಆರು ವಿಷಯಕ್ಕೆ 90 ಕೆಲಸದ ದಿನ. ಜೂನ್ ಒಂದಕ್ಕೆ ಒಬ್ಬರೇ ಹಿಡಿದರೆ ದಸರಾ ರಜೆಯ ಹೊತ್ತಿಗೆ ಮುಗಿಯುತ್ತದೆ, ಅರ್ಧವಾರ್ಷಿಕ ಪರೀಕ್ಷೆ ಅಷ್ಟರಲ್ಲಿ ಆಗಿಹೋಗಿರುತ್ತದೆ. ಅದಕ್ಕೇ ಪುಸ್ತಕವನ್ನು ಇಡಿಯಾಗಿ ಮುಗಿಸಲು ಕಾಯದೆ ಪಾಠ ನಡೆಯುವ ಕ್ರಮದಲ್ಲಿ ಅಧ್ಯಾಯ ಅಧ್ಯಾಯವಾಗಿ ಕೊಡಬೇಕು, ಎಲ್ಲ ವಿಷಯದ ಮೊದಲ ಪಾಠ ಮೊದಲು. ಕೆಲಸ ಶುರು ಮಾಡುವ ಮುಂಚೆ ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ. 2016ರ ಆಗಸ್ಟ್‌ನಲ್ಲಿ ಆರಂಭವಾದ ಈ ಆನ್‌ಲೈನ್ ಗ್ರಂಥಾಲಯ ಮುದ್ರಿತ ಪುಸ್ತಕ ಓದಲಾಗದವರಿಗಾಗಿಯೇ ಇರುವುದು. ಬೇರೆ ಯಾರೋ ಪರಿವರ್ತಿಸಿದ್ದೇ ಅಲ್ಲಿರಬಹುದು. ಕೃತಿಸ್ವಾಮ್ಯದ ಭಯವೂ ಬೇಡ: 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾಯ್ದೆ ವಿಕಲಚೇತನರಿಗಾಗಿ ಇಂಥ ರೂಪಾಂತರಕ್ಕೆ ವಿನಾಯಿತಿ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ.

ಶುದ್ಧ ಯೂನಿಕೋಡ್ ಕಡತದಿಂದ ಎರಡು ದಾರಿ. ಒಂದು ಬ್ರೈಲ್. ಅದರ ಒಂದೊಂದು ಚೌಕದಲ್ಲಿ ಆರು ಚುಕ್ಕೆಯ ಜಾಗ: ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಕಾಗುಣಿತದ ಚಿಹ್ನೆ ಎಂಬುದೇ ಇಲ್ಲ; "ಕಿ" ಬರೆಯಲು ಕ (1, 3) ಆದ ಮೇಲೆ ಇ (2, 4). ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಅರ್ಧಾಕ್ಷರದ ಚಿಹ್ನೆ (4) ವ್ಯಂಜನಕ್ಕಿಂತ ಮುಂಚೆ ಬರುತ್ತದೆ. "ಅಕ್ಕ" ಎಂದರೆ 1, ಆಮೇಲೆ 4, ಆಮೇಲೆ ಎರಡು ಸಲ 1–3. ಕನ್ನಡ ಬಲ್ಲ, ಬ್ರೈಲ್ ಹೊಸದಾಗಿ ಕಲಿಯುವ ಮೇಷ್ಟ್ರುಗಳು ಈ ಚಿಹ್ನೆಯನ್ನು ಯೂನಿಕೋಡ್‌ನಂತೆ ನಂತರ ಹಾಕಿಬಿಡುತ್ತಾರೆ. ಲಿಬ್‌ಲೂಯಿಸ್‌ನಂಥ ಉಚಿತ ಪರಿವರ್ತಕ ಕನ್ನಡವನ್ನು ಬಲ್ಲದು, ಆದರೆ ಕೊನೆಯ ಕರಡು ತಿದ್ದುವುದನ್ನು ಬೆರಳಿನಿಂದ ಬ್ರೈಲ್ ಓದುವವರಿಗೇ ಬಿಡಬೇಕು.

ಇನ್ನೊಂದು ದಾರಿ ಕೇಳಿ ಓದುವುದು. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತ, ಅದರೊಳಗಿನ ಇ–ಸ್ಪೀಕ್ ಎಂಬ ಧ್ವನಿ ಯಂತ್ರ ಕನ್ನಡ ಓದುತ್ತದೆ. ಎನ್‌ವಿಡಿಎ ಕೀಲಿಯ ಜೊತೆ ಕಂಟ್ರೋಲ್ ಮತ್ತು ಎಸ್ ಒತ್ತಿ ಧ್ವನಿ ಯಂತ್ರ ಆರಿಸಿ, ಕಂಟ್ರೋಲ್ ಮತ್ತು ವಿ ಒತ್ತಿ ಕನ್ನಡ ಧ್ವನಿ ಮತ್ತು ವೇಗ ಹೊಂದಿಸಬೇಕು. ಇಂಗ್ಲಿಷ್ ಧ್ವನಿ ಇಟ್ಟುಕೊಂಡು ಕನ್ನಡ ಕಡತ ತೆರೆದರೆ ಕೆಲವೊಮ್ಮೆ ಪೂರ್ತಿ ಮೌನ. "ಕಡತ ಕೆಟ್ಟಿದೆ" ಎಂಬ ಅರ್ಧ ದೂರುಗಳು ಇಷ್ಟಕ್ಕೇ. ಇ–ಸ್ಪೀಕ್‌ನ ದನಿ ಯಂತ್ರದಂತಿದೆ ಎಂದು ಕಣ್ಣಿದ್ದವರು ಮೂಗು ಮುರಿಯುತ್ತಾರೆ. ಪಳಗಿದ ಕೇಳುಗರು ಅದನ್ನೇ ಇಷ್ಟಪಡುತ್ತಾರೆ, ವೇಗ ಎಷ್ಟೇ ಏರಿಸಿದರೂ ಅಕ್ಷರ ಕಲಸುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಇದೇ ಕೆಲಸಕ್ಕೆ ಟಾಕ್‌ಬ್ಯಾಕ್ ಇದೆ. ಒಂದು ಷರತ್ತು: ವರ್ಡ್ ಕಡತದಲ್ಲಿ ಪಾಠದ ಹೆಸರನ್ನು ಬರೀ ದಪ್ಪ ಅಕ್ಷರ ಮಾಡಿದರೆ ಸಾಲದು, ಹೆಡಿಂಗ್ ಶೈಲಿ ಕೊಡಬೇಕು. ಆಗ ಒಂದು ಕೀಲಿಯಿಂದ ಪಾಠದಿಂದ ಪಾಠಕ್ಕೆ ಹಾರಬಹುದು. ಇಲ್ಲದಿದ್ದರೆ 150 ಪುಟವನ್ನು ಪ್ರತಿಸಲ ಮೊದಲಿಂದ ಕೇಳಬೇಕು.

ಗಣಿತ, ವಿಜ್ಞಾನ ಬೇರೆಯೇ ಜಗತ್ತು. ಸಮೀಕರಣವನ್ನು ಚಿತ್ರವಾಗಿ ಹಾಕಿದ್ದರೆ ತಂತ್ರಾಂಶ "ಗ್ರಾಫಿಕ್" ಎಂದು ಹೇಳಿ ಮುಂದೆ ಹೋಗುತ್ತದೆ. ಲೆಕ್ಕ ಮಾಡಲು ಅಂಧರ ಶಾಲೆಗಳಲ್ಲಿ ಬಳಕೆಯಲ್ಲಿರುವ ಟೇಲರ್ ಫ್ರೇಮ್‌ನಲ್ಲಿ ಎಂಟು ಮೂಲೆಯ ತೂತುಗಳಿರುತ್ತವೆ. ಮೊಳೆಯನ್ನು ಎಂಟು ದಿಕ್ಕಿಗೆ, ಎರಡು ತುದಿಯಿಂದ ನಿಲ್ಲಿಸಿದರೆ 16 ಚಿಹ್ನೆ. ಚಿತ್ರಕ್ಕೆ ರಬ್ಬರ್ ಹಾಳೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಬಾಲ್‌ಪೆನ್ ಒತ್ತಿ ಎಳೆದರೆ ಗೆರೆ ಉಬ್ಬುತ್ತದೆ. ಗ್ರಾಫಿನ ಅಕ್ಷಕ್ಕೆ ಅಂಟಿಸಿದ ದಾರ, ಬಿಂದುವಿಗೆ ಹಣೆಗಿಡುವ ಸ್ಟಿಕ್ಕರ್. ಐದು ರೂಪಾಯಿಯ ಖರ್ಚು. ಒಂದು ಚಿತ್ರದಲ್ಲಿ ಐದಾರಕ್ಕಿಂತ ಹೆಚ್ಚು ಭಾಗ ಇಡಬಾರದು. ಕಣ್ಣು ಒಮ್ಮೆಗೇ ಇಡೀ ಚಿತ್ರ ನೋಡುತ್ತದೆ, ಬೆರಳು ತುಂಡುತುಂಡಾಗಿ ಓದುತ್ತದೆ.

ಮಂದದೃಷ್ಟಿಯ ಮಕ್ಕಳಿಗೆ ಎ4 ಪುಟವನ್ನು ಎ3ಗೆ ಜೆರಾಕ್ಸ್ ಮಾಡಿದರೆ ಶೇ 141ರಷ್ಟಾಗುತ್ತದೆ; 12 ಪಾಯಿಂಟ್ ಅಕ್ಷರ 17ರ ಹತ್ತಿರ. ಇಂಗ್ಲಿಷಿಗೆ ಸಾಕಾಗಬಹುದಾದ ಇದು ಕನ್ನಡದ ಒತ್ತಕ್ಷರಗಳಿಗೆ ಸಾಲುವುದಿಲ್ಲ. ಮಗುವಿನ ಮುಂದೆ 18, 22, 26ರ ಮೂರು ಹಾಳೆ ಇಟ್ಟು ಯಾವುದು ಸರಾಗ ಎಂದು ಕೇಳಿಯೇ ನಿರ್ಧರಿಸಬೇಕು.

ಪರೀಕ್ಷೆ

2018ರ ಪರೀಕ್ಷಾ ಮಾರ್ಗಸೂಚಿಯ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಗೆ ಒಂದು ಗಂಟೆ. ಒಂದು ಗಂಟೆಗಿಂತ ಕಿರಿದಾದ ಪರೀಕ್ಷೆಗೆ ಅದೇ ಪ್ರಮಾಣದಲ್ಲಿ, 5ರ ಗುಣಕದಲ್ಲಿ: 40 ನಿಮಿಷದ ಕಿರುಪರೀಕ್ಷೆಗೆ ಲೆಕ್ಕ 13 ಚಿಲ್ಲರೆ, ಕೊಡಬೇಕಾದದ್ದು 15. ಲಿಪಿಕಾರರಿಲ್ಲದೆ ತಾನೇ ಬರೆಯುವವರಿಗೂ ಇದು ಸಿಗುತ್ತದೆ. ಎಸ್ಸೆಸ್ಸೆಲ್ಸಿ ಮಂಡಳಿಯ ಪರೀಕ್ಷೆಯಲ್ಲಿ ಇದನ್ನು ಪಾಲಿಸುವ ಶಾಲೆಗಳೇ ಆಗಸ್ಟ್‌ನ ಕಿರುಪರೀಕ್ಷೆಯಲ್ಲಿ ಬೆಲ್ ಹೊಡೆದ ಕೂಡಲೇ ಹಾಳೆ ಕಿತ್ತುಕೊಳ್ಳುತ್ತವೆ. ಹಾಗಾದರೆ ಮಗುವಿಗೆ ನಾಲ್ಕು ಗಂಟೆಯನ್ನು ಹೇಗೆ ಬಳಸಬೇಕೆಂದು ಮಾರ್ಚ್‌ವರೆಗೂ ಗೊತ್ತಾಗುವುದೇ ಇಲ್ಲ.

ಲಿಪಿಕಾರರನ್ನು ಅಭ್ಯರ್ಥಿಯೇ ಕರೆತರುವುದಾದರೆ ಅವರ ವಿದ್ಯಾರ್ಹತೆ ಒಂದು ಮೆಟ್ಟಿಲು ಕೆಳಗಿರಬೇಕು ಎಂದು ಅದೇ 2018ರ ಮಾರ್ಗಸೂಚಿ ಹೇಳಿತ್ತು. ಹತ್ತನೆಯವರಿಗೆ ಒಂಬತ್ತನೆಯವರು. ಒಂಬತ್ತನೆಯವರ ವಾರ್ಷಿಕ ಪರೀಕ್ಷೆಯೂ ಆಸುಪಾಸಿನಲ್ಲೇ ಬರುವುದರಿಂದ ಕೊನೆಗಳಿಗೆಯಲ್ಲಿ ಯಾರ ತಂದೆತಾಯಿಯೂ ಒಪ್ಪುವುದಿಲ್ಲ. ನವೆಂಬರ್‌ನಲ್ಲೇ ಇಬ್ಬರನ್ನು ಗೊತ್ತುಮಾಡಬೇಕು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು. ಮಂಡಳಿಯೇ ಲಿಪಿಕಾರರನ್ನು ಕೊಟ್ಟರೆ ಎರಡು ದಿನ ಮುಂಚೆ ಭೇಟಿಗೆ ಅವಕಾಶ ಇರಬೇಕು. ಈ ನಿಯಮಗಳು ಆಗಾಗ ಪರಿಷ್ಕಾರಗೊಳ್ಳುತ್ತವೆ; ಹೋದ ವರ್ಷದ ಸುತ್ತೋಲೆ ಇಟ್ಟುಕೊಂಡು ಹೊರಡದೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆ ವರ್ಷಕ್ಕೆ ಹೊರಡಿಸಿದ್ದನ್ನೇ ನೋಡಬೇಕು. ಭಾಷಾ ವಿನಾಯಿತಿಯಂತೂ ವಿದ್ಯಾರ್ಥಿಯ ನೋಂದಣಿಯಲ್ಲೇ ಸೇರಬೇಕಾದದ್ದು. ಪ್ರವೇಶಪತ್ರ ಬಂದ ಮೇಲೆ ಕೇಳಿದರೆ ತಡವಾಯಿತು.

ಹೇಳಿ ಬರೆಸುವುದು ತಾನೇ ಒಂದು ವಿದ್ಯೆ. ಉತ್ತರ ಗೊತ್ತಿದ್ದೂ ಹೇಳಲು ಬಾರದೆ ಅಂಕ ಕಳೆದುಕೊಳ್ಳುವವರಿದ್ದಾರೆ. "ಎ ಪ್ಲಸ್ ಬಿ ಹೋಲ್ ಸ್ಕ್ವೇರ್" ಎಂದಾಗ ವರ್ಗದ ಚಿಹ್ನೆ ಬಿ ಮೇಲೋ, ಆವರಣದ ಮೇಲೋ? "ಆವರಣ ಶುರು, ಎ ಪ್ಲಸ್ ಬಿ, ಆವರಣ ಮುಗಿಯಿತು, ಅದರ ವರ್ಗ" ಎಂದು ಹೇಳುವ ಅಭ್ಯಾಸ ಬೇಕು. ಭಾಷಾ ಪತ್ರಿಕೆಯಲ್ಲಿ ಅಲ್ಪಪ್ರಾಣ–ಮಹಾಪ್ರಾಣ, ಶ–ಷ, ಲ–ಳ ಇವನ್ನು ಬಿಡಿಸಿ ಹೇಳಬೇಕು, ಇಲ್ಲವಾದರೆ ಲಿಪಿಕಾರರ ಕಾಗುಣಿತದ ತಪ್ಪು ಇವರ ಅಂಕಕ್ಕೆ ಹೊಡೆಯುತ್ತದೆ. ಲಿಪಿಕಾರರೂ ಕಲಿಯಬೇಕು: ಪ್ರಶ್ನೆಯನ್ನು ಕೇಳಿದಷ್ಟು ಸಲ ಓದಬೇಕು, ಹೇಳಿದ್ದನ್ನಷ್ಟೇ ಬರೆಯಬೇಕು, ಕೇಳಿದರೆ ಬರೆದದ್ದನ್ನು ಓದಿ ಹೇಳಬೇಕು, ಪ್ರಶ್ನೆ ಸಂಖ್ಯೆಯನ್ನು ಎರಡು ಸಲ ನೋಡಬೇಕು. ಅರ್ಧವಾರ್ಷಿಕದಿಂದ ಪೂರ್ವಸಿದ್ಧತಾ ಪರೀಕ್ಷೆಗಳವರೆಗೆ ಅದೇ ಜೋಡಿ ಕೂತು ಬರೆದಿದ್ದರೆ ಮಾರ್ಚ್‌ನಲ್ಲಿ ಹೊಸದೇನೂ ಇರುವುದಿಲ್ಲ. ಇಬ್ಬರ ಮಾತು ಉಳಿದವರಿಗೆ ಕೇಳದಂತೆ ಬೇರೆ ಕೊಠಡಿ, ಅದೂ ನೆಲಮಹಡಿಯಲ್ಲಿ. ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಒಂದು ವಾರ ಮೊದಲೇ ಲಿಖಿತವಾಗಿ ತಿಳಿಸಿ, ಅನುಮತಿ ಪತ್ರದ ಜೆರಾಕ್ಸ್ ಮೂರು ಪ್ರತಿ ಮಗುವಿನ ಚೀಲದಲ್ಲಿ ಇರಬೇಕು. ಒಂದು ಪ್ರತಿ ಮೊದಲ ದಿನವೇ ಯಾರದೋ ಕಡತ ಸೇರುತ್ತದೆ.

ಚಿತ್ರ ಬಿಡಿಸುವ, ನಕ್ಷೆ ಗುರುತಿಸುವ ಪ್ರಶ್ನೆಗೆ ಅಂಧ ವಿದ್ಯಾರ್ಥಿಗಳಿಗೆ ಬದಲಿ ಪ್ರಶ್ನೆ ಬೇಕು. ಪ್ರಶ್ನೆಪತ್ರಿಕೆಯಲ್ಲಿ "ಅಂಧ ವಿದ್ಯಾರ್ಥಿಗಳಿಗೆ ಮಾತ್ರ" ಎಂದು ಕೊನೆಯಲ್ಲಿ ಎಲ್ಲೋ ಅಚ್ಚಾಗಿರುವುದನ್ನು ಲಿಪಿಕಾರರು ನೋಡದೆ ಬಿಟ್ಟರೆ ಅಷ್ಟೂ ಅಂಕ ಹೋದಂತೆ. ಪತ್ರಿಕೆ ಕೈಗೆ ಬಂದ ಕೂಡಲೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಮ್ಮೆ ತಿರುವಿ ನೋಡುವ ಪಾಠವನ್ನೂ ಅಭ್ಯಾಸದಲ್ಲಿ ಸೇರಿಸಿ.

ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಕಾಯುವ ವಾರಗಳು ಖಾಲಿ ಹೋಗುತ್ತವೆ. ಕ್ಯಾಲಿಪರ್ ದುರಸ್ತಿ, ಕಿವಿಯ ಹೊಸ ಅಚ್ಚು, ಗಾಲಿಕುರ್ಚಿಯ ಬೇರಿಂಗಿಗೆ ಎಣ್ಣೆ ಈಗಲೇ ಆಗಬೇಕು. ತಿದ್ದಿದ ಪುಸ್ತಕದ ಕಡತಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ಶಾಲೆಯಲ್ಲಿ ಒಂದು, ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಒಂದು ಪ್ರತಿ ಇಡಬೇಕು; ಮುಂದಿನ ವರ್ಷ ಬರುವ ಮಗುವಿಗೆ ಅದೇ 90 ದಿನ ಮತ್ತೆ ಯಾಕೆ? ಪಿಯುಸಿಗೆ ಹೋಗುವವರ ಕೈಯಲ್ಲಿ ಒಂದು ಪುಟದ ಕಾಗದ ಕೊಟ್ಟು ಕಳಿಸಿ: ಎಷ್ಟು ಪಾಯಿಂಟ್ ಅಕ್ಷರ, ಯಾವ ತಂತ್ರಾಂಶ, ಎಷ್ಟು ಹೆಚ್ಚುವರಿ ಸಮಯ ಬಳಸಿದ್ದು, ಯಾವ ಸುತ್ತೋಲೆಯಡಿ ಅನುಮತಿ, ಪ್ರಮಾಣಪತ್ರದ ಅವಧಿ ಯಾವ ದಿನಕ್ಕೆ ಮುಗಿಯುತ್ತದೆ. ಹೊಸ ಕಾಲೇಜಿನ ಪ್ರವೇಶ ಅರ್ಜಿಯ ಜೊತೆ ಅದನ್ನೂ ಪಿನ್ ಮಾಡಬೇಕು.